ತುಂಬಿದ ಇನ್‌ಬಾಕ್ಸ್, ತಲುಪದ ಆರ್ಡರ್: ಉಚಿತ ಇಮೇಲ್ ನಂಬಿ ರಫ್ತು ಮಾಡಿದ ಒಂದು ಕುಟುಂಬದ ಪ್ರಕರಣ (1998–2005)

ಈ ಪ್ರಕರಣದ ಕುಟುಂಬ ಚನ್ನಪಟ್ಟಣದ್ದು. ಊರಿನ ಹೆಸರನ್ನು ಮುಚ್ಚಿಡುವ ಅಗತ್ಯ ಕಾಣಲಿಲ್ಲ. ಆಲೆ ಮರವನ್ನು ಲೇತಿನಲ್ಲಿ ಕಡೆದು, ಅರಗಿನ ಬಣ್ಣ ಕೂರಿಸಿ, ತಾಳೆಗರಿಯಿಂದ ಉಜ್ಜಿ ಮೆರುಗು ತಂದು ಹೊರದೇಶಕ್ಕೆ ಕಳಿಸುವ ಮನೆಗಳು ಅಲ್ಲಿ ಹಲವಾರಿವೆ. ಕುಟುಂಬದವರ ಹೆಸರು, ಅವರ ಗ್ರಾಹಕರ ಹೆಸರು ಮತ್ತು ಅವರು ನೆಚ್ಚಿಕೊಂಡಿದ್ದ ಮೇಲ್ ಸೇವೆಯ ಹೆಸರನ್ನು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎಲ್ಲರಿಗೂ ತಿಳಿದ ಸಾರ್ವಜನಿಕ ಸಂಗತಿಗಳನ್ನು ಹೇಳುವಾಗ ಮಾತ್ರ ಸೇವೆಗಳನ್ನು ಹೆಸರಿಸಿದ್ದೇನೆ.

ಹಿನ್ನೆಲೆ

1998ರ ತನಕ ಈ ಕುಟುಂಬದ ಆಟಿಕೆಗಳು ಬೆಂಗಳೂರಿನ ರಫ್ತುದಾರರೊಬ್ಬರ ಮೂಲಕ ಹೋಗುತ್ತಿದ್ದವು. ಆ ವರ್ಷ ದೆಹಲಿಯ ಕರಕುಶಲ ಮೇಳದಲ್ಲಿ ತಂದೆ ಮೊದಲ ಬಾರಿಗೆ ಸ್ವಂತ ಮಳಿಗೆ ಹಾಕಿದರು. ಅಲ್ಲಿ ಸಿಕ್ಕವರು ದೊಡ್ಡ ಕಂಪನಿಯವರಲ್ಲ. ಜರ್ಮನಿಯ ಒಬ್ಬ ಆಟಿಕೆ ಅಂಗಡಿಯವರು, ಪ್ರಾಗ್ ನಗರದ ಒಂದು ದಂಪತಿ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮಕ್ಕಳ ಸಾಮಾನು ಮಾರುವ ಒಬ್ಬ ಮಹಿಳೆ, ಇಂಥ ಸಣ್ಣ ವ್ಯಾಪಾರಿಗಳು. ಒಬ್ಬೊಬ್ಬರ ಆರ್ಡರೂ ಕೆಲವೇ ಪೆಟ್ಟಿಗೆಗಳಷ್ಟು. ಇಷ್ಟು ಸಣ್ಣ ವ್ಯವಹಾರಕ್ಕೆ ಐಎಸ್‌ಡಿ ಕರೆಯಾಗಲಿ ಹಾಳೆಗಿಷ್ಟು ಎಂದು ಹಣ ಕೊಟ್ಟು ಕಳಿಸುವ ಫ್ಯಾಕ್ಸ್ ಆಗಲಿ ಗಿಟ್ಟುತ್ತಿರಲಿಲ್ಲ. ಭೇಟಿಯಾದವರೆಲ್ಲ ವಿಸಿಟಿಂಗ್ ಕಾರ್ಡ್ ತಿರುವಿ ನೋಡಿ ಕೇಳಿದ್ದು ಒಂದನ್ನೇ: ಇಮೇಲ್ ವಿಳಾಸ ಎಲ್ಲಿ?

ಹಣ ಕೊಟ್ಟು ಇಂಟರ್ನೆಟ್ ಪಡೆಯುವ ಮಾರ್ಗ ಇರಲಿಲ್ಲವೆಂದಲ್ಲ. ಸರ್ಕಾರಿ ಕಂಪನಿಯಾದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕ ಇಂಟರ್ನೆಟ್ ಸೇವೆ ಆರಂಭಿಸಿದಾಗ ಚಿತ್ರ ಸಹಿತ ವೆಬ್ ಪುಟ ತೋರಿಸುವ ಖಾತೆಗೆ 15,000 ರೂಪಾಯಿ ದರವಿತ್ತು. ಆಮೇಲೆ ದರ ಇಳಿಯಿತು, 1998ರ ಕೊನೆಗೆ ಖಾಸಗಿ ಕಂಪನಿಗಳಿಗೂ ಪರವಾನಗಿ ಸಿಕ್ಕಿತು. ಆದರೆ ಚನ್ನಪಟ್ಟಣದಿಂದ ಬೆಂಗಳೂರಿನ ಸಂಖ್ಯೆಗೆ ಡಯಲ್ ಮಾಡಿದರೆ ಅದು ಹೊರಊರಿನ ದರ ಬೀಳುವ ಎಸ್‌ಟಿಡಿ ಕರೆ. ಮೋಡೆಮ್ ಕಿರುಗುಟ್ಟುತ್ತಾ ಕೂತಷ್ಟು ಹೊತ್ತೂ ಟೆಲಿಫೋನ್ ಬಿಲ್ ಏರುತ್ತಿತ್ತು. ಅದೂ ಅಲ್ಲದೆ ಆ ವಿಳಾಸ ಗಿಯಾಸ್‌ಬಿಜಿ01, ವಿಎಸ್‌ಎನ್‌ಎಲ್, ನೆಟ್, ಇನ್ ಎಂದು ತುಂಡುತುಂಡಾಗಿ ಸಾಗುವಂಥದ್ದು. ಮೇಳದ ಗದ್ದಲದಲ್ಲಿ ಪರದೇಶಿ ಗ್ರಾಹಕರಿಗೆ ಅದನ್ನು ಬಾಯಲ್ಲಿ ಹೇಳಿ ಬರೆಸುವುದು ಸುಲಭವಿರಲಿಲ್ಲ.

ಇದಕ್ಕೆ ಪರಿಹಾರದಂತೆ ಬಂದದ್ದು ಬ್ರೌಸರ್‌ನಲ್ಲೇ ಓದಬಹುದಾದ ಉಚಿತ ಮೇಲ್. ಬೆಂಗಳೂರಿನಲ್ಲಿ ಶಾಲೆ ಓದಿದ್ದ ಸಬೀರ್ ಭಾಟಿಯಾ ಮತ್ತು ಅವರ ಜೊತೆಗಾರ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದ್ದರು. ಮುಂದಿನ ವರ್ಷದ ಕೊನೆಗೆ ಅದನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಹೊರಹೋಗುವ ಪ್ರತಿ ಪತ್ರದ ಅಡಿಯಲ್ಲೂ ‘ನೀವೂ ಉಚಿತ ಖಾತೆ ತೆರೆಯಿರಿ’ ಎಂಬ ಅರ್ಥದ ಸಾಲು ತಾನೇ ಸೇರುತ್ತಿದ್ದುದರಿಂದ ಬಳಕೆದಾರರೇ ಪ್ರಚಾರಕರಾದರು. ರಾಕೆಟ್‌ಮೇಲ್ ನಡೆಸುತ್ತಿದ್ದ ಕಂಪನಿಯನ್ನು ಕೊಂಡು 1997ರ ಅಕ್ಟೋಬರಿನಲ್ಲಿ ಯಾಹೂ ತನ್ನ ಮೇಲ್ ತಂದಿತು, ಭಾರತದಲ್ಲಿ ರೆಡಿಫ್ ತನ್ನದನ್ನು ತಂದಿತು. ಮಗ, ಆಗ ಬಿ.ಕಾಂ. ವಿದ್ಯಾರ್ಥಿ, ಬೆಂಗಳೂರಿನ ಮೆಜೆಸ್ಟಿಕ್ ಬಳಿಯ ಸೈಬರ್ ಕೆಫೆಯೊಂದರಲ್ಲಿ ಕೂತು ಇಂಥದೇ ಒಂದು ಅಮೆರಿಕನ್ ಸೇವೆಯಲ್ಲಿ ಮನೆಯ ಹೆಸರಿನ ಖಾತೆ ತೆರೆದ. ವಯಸ್ಸು, ಆದಾಯ, ಆಸಕ್ತಿ ಎಲ್ಲವನ್ನೂ ಆ ಫಾರಂ ಕೇಳಿತು. ಜಾಹೀರಾತುದಾರರಿಗೆ ಬೇಕಾಗಿದ್ದ ಆ ಮಾಹಿತಿಯೇ ಸೇವೆಯ ಬೆಲೆ ಎಂಬುದು ಅವನಿಗಾಗಲಿ ತಂದೆಗಾಗಲಿ ಆಗ ಹೊಳೆಯಲಿಲ್ಲ. ಆ ವಿಳಾಸವನ್ನು ಹೊಸ ಕಾರ್ಡುಗಳ ಮೇಲೆ, ಕ್ಯಾಟಲಾಗಿನ ಹಿಂಬದಿಯ ಮೇಲೆ, ಕೊನೆಗೆ ರಟ್ಟಿನ ಪೆಟ್ಟಿಗೆಗಳ ಮೇಲೂ ಅಚ್ಚು ಹಾಕಿಸಿದರು.

ಅತ್ತ ಕಡೆಯವರ ವಿಳಾಸಗಳೂ ಹೆಚ್ಚಿನವು ಉಚಿತದವೇ. ಆದರೆ ಒಂದೊಂದು ದೇಶದ್ದು ಒಂದೊಂದು ಬಗೆ. ಜರ್ಮನಿಯವರದು ಜಿಎಂಎಕ್ಸ್, ಪ್ರಾಗ್‌ನವರದು ಸೆಜ್ನಾಮ್, ಸೋಲ್‌ನವರದು ದಾಉಮ್ ಕಂಪನಿ 1997ರ ಮೇ ತಿಂಗಳಲ್ಲಿ ಆರಂಭಿಸಿದ್ದ ಹನ್‌ಮೇಲ್. ಇದೇ ಕಾಲದಲ್ಲಿ ರಷ್ಯಾದಲ್ಲಿ ಮೇಲ್.ರು, ಚೀನಾದಲ್ಲಿ ಡಯಲ್-ಅಪ್ ಸಂಖ್ಯೆಯನ್ನೇ ಹೆಸರಾಗಿಸಿಕೊಂಡ 163 ಬೆಳೆಯುತ್ತಿದ್ದವು. ಇವು ಹುಟ್ಟಿದ್ದು ಬರಿಯ ದೇಶಾಭಿಮಾನದಿಂದಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಬಳಕೆಗೆ ಬಾರದಿದ್ದ ದಿನಗಳಲ್ಲಿ ಕೊರಿಯನ್ನಾಗಲಿ ರಷ್ಯನ್ನಾಗಲಿ ಅಮೆರಿಕದ ಸೇವೆಯಲ್ಲಿ ಸರಿಯಾಗಿ ಕಾಣುವ ಭರವಸೆ ಇರಲಿಲ್ಲ. ಜರ್ಮನಿಯಲ್ಲಿ ಸ್ಥಳೀಯ ಕರೆಗೂ ನಿಮಿಷದ ಲೆಕ್ಕದಲ್ಲಿ ಶುಲ್ಕ ಬೀಳುತ್ತಿದ್ದುದರಿಂದ ಪತ್ರಗಳನ್ನು ಒಮ್ಮೆಗೇ ಇಳಿಸಿಕೊಂಡು, ಸಂಪರ್ಕ ಕಡಿದು, ನಿಧಾನವಾಗಿ ಓದುವವರೇ ಹೆಚ್ಚು. ನಮ್ಮ ಕುಟುಂಬದ ದೃಷ್ಟಿಯಿಂದ ಇದರ ಪರಿಣಾಮ ಇಷ್ಟು: ಒಂದೇ ಸಮಯಕ್ಕೆ ಹಲವು ದೇಶಗಳ ಹಲವು ನಿಯಮಗಳಿಗೆ ಅವರು ಒಳಪಟ್ಟಿದ್ದರು, ಅದರಲ್ಲಿ ಒಂದನ್ನೂ ಅವರು ಓದಿರಲಿಲ್ಲ.

ತೊಂದರೆ

ಮೊದಲ ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು. 1999ರಲ್ಲಿ ಚನ್ನಪಟ್ಟಣದಲ್ಲೇ ಒಂದು ಸೈಬರ್ ಕೆಫೆ ಬಂದದ್ದರಿಂದ ಬಸ್ ಹತ್ತುವುದೂ ತಪ್ಪಿತು. ಕೊರಿಯಾದಿಂದ ಬಂದ ಪತ್ರಗಳಲ್ಲಿ ಸಹಿಯ ಸಾಲು ಯಾವಾಗಲೂ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಬರುತ್ತಿತ್ತು, ಆದರೆ ಇಂಗ್ಲಿಷಿನ ಒಕ್ಕಣೆಯೂ ಅಂಕಿಗಳೂ ಓದಲು ಬರುತ್ತಿದ್ದವು, ಅಷ್ಟು ಸಾಕಾಗಿತ್ತು.

2000ದ ಜುಲೈಯಲ್ಲಿ ಜರ್ಮನಿಯಿಂದ ಕ್ರಿಸ್ಮಸ್ ಹಂಗಾಮಿನ ಆರ್ಡರ್ ಬರಬೇಕಿತ್ತು. ಚೆನ್ನೈ ಬಂದರಿನಿಂದ ಹ್ಯಾಂಬರ್ಗ್‌ಗೆ ಹಡಗು ಸುಮಾರು ಒಂದು ತಿಂಗಳು ತೆಗೆದುಕೊಳ್ಳುತ್ತದೆ. ನವೆಂಬರಿನ ಹೊತ್ತಿಗೆ ಸರಕು ಅಂಗಡಿಯ ಕಪಾಟಿನಲ್ಲಿರಬೇಕಾದರೆ ಆಗಸ್ಟಿನಲ್ಲಿ ಲೇತುಗಳು ಓಡುತ್ತಿರಬೇಕು. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು, ಪತ್ರವಿಲ್ಲ. ಗ್ರಾಹಕರು ಬೇರೆಯವರ ಹತ್ತಿರ ಹೋಗಿರಬೇಕೆಂದು ಮನೆಯವರು ಅಂದುಕೊಂಡರು. ತಾವಾಗಿ ಬರೆದು ಕೇಳುವುದು ಬೇಡಿದಂತಾಗುತ್ತದೆಂದು ತಂದೆ ಸುಮ್ಮನಿದ್ದರು. ಈ ಮೌನವೇ ಪ್ರಕರಣದ ಮೊದಲ ನಿರ್ಣಾಯಕ ಘಟ್ಟ ಎಂದು ನನಗನ್ನಿಸುತ್ತದೆ, ಏಕೆಂದರೆ ಅದೇ ಹೊತ್ತಿನಲ್ಲಿ ಅತ್ತ ಕಡೆಯವರೂ ಇವರ ಬಗ್ಗೆ ಇದನ್ನೇ ಯೋಚಿಸುತ್ತಿದ್ದರು.

ಸೆಪ್ಟೆಂಬರಿನಲ್ಲಿ ಅಂಚೆಯ ಮೂಲಕ ಒಂದು ಲಕೋಟೆ ಬಂತು. ಒಳಗೆ ಮೂರು ಹಾಳೆ. ಒಂದರಲ್ಲಿ ಎಳೆದುಕೊಂಡು ಹೋಗುವ ಬಾತುಕೋಳಿ ಆಟಿಕೆಯ ಪೆನ್ಸಿಲ್ ನಕ್ಷೆ, ಚಕ್ರದ ವ್ಯಾಸ ಮಿಲಿಮೀಟರಿನಲ್ಲಿ ನಮೂದಾಗಿತ್ತು. ಎರಡನೆಯದರಲ್ಲಿ ಆರ್ಡರ್, ಅದರ ಜೊತೆಗೆ ಬಣ್ಣದಿಂದ ಸೀಸದಂಥ ಲೋಹಗಳು ಬಿಡುವುದಿಲ್ಲವೆಂದು ಯುರೋಪಿನ ಇಎನ್ 71 ಮಾನದಂಡದ ಪ್ರಕಾರ ಪರೀಕ್ಷಾ ವರದಿ ಬೇಕೆಂಬ ಕೋರಿಕೆ. ಮೂರನೆಯದು ಅವರ ಕಂಪ್ಯೂಟರಿನಿಂದ ಮುದ್ರಿಸಿದ ಹಾಳೆ: ಪತ್ರ ತಲುಪಿಸಲಾಗಲಿಲ್ಲ, ಸ್ವೀಕರಿಸುವವರ ಪೆಟ್ಟಿಗೆ ತುಂಬಿದೆ ಎಂಬ ಸರ್ವರಿನ ಸೂಚನೆ. ಜುಲೈಯ ಬೇರೆ ಬೇರೆ ದಿನಾಂಕಗಳ ಅಂಥ ಸೂಚನೆಗಳನ್ನು ಒಂದರ ಕೆಳಗೊಂದು ಸೇರಿಸಿ, ಪ್ರತಿ ದಿನಾಂಕದ ಅಡಿಗೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು.

ಆಗಿದ್ದು ಹೀಗೆ. ಆ ಕಾಲದ ಉಚಿತ ಖಾತೆಗಳಲ್ಲಿ ಜಾಗ ಬಹಳ ಕಡಿಮೆ. ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂ.ಬಿ., ಈ ಕುಟುಂಬದ ಸೇವೆಯದೂ ಅಷ್ಟೇ. ಇಮೇಲ್ ಅಕ್ಷರಗಳನ್ನು ಸಾಗಿಸಲೆಂದು ರೂಪುಗೊಂಡ ವ್ಯವಸ್ಥೆಯಾದ್ದರಿಂದ ಚಿತ್ರವನ್ನು ಲಗತ್ತಿಸಿದಾಗ ಅದನ್ನೂ ಅಕ್ಷರಗಳ ರೂಪಕ್ಕೆ ತಿರುಗಿಸಿ ಕಳಿಸಬೇಕು. ಹಾಗೆ ತಿರುಗಿಸುವಾಗ ಗಾತ್ರ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. 600 ಕೆ.ಬಿ. ನಕ್ಷೆ ಪೆಟ್ಟಿಗೆಯೊಳಗೆ 800 ಕೆ.ಬಿ. ಆಗಿ ಕೂರುತ್ತದೆ. ಪ್ರಾಗ್‌ನಿಂದ ಬಂದಿದ್ದ ಎರಡು ಫೋಟೊಗಳನ್ನು ಮಗ ಅಳಿಸದೆ ಇಟ್ಟುಕೊಂಡಿದ್ದ. ಮಿಕ್ಕ ಜಾಗವನ್ನು ಜಾಹೀರಾತು ಪತ್ರಗಳು ತಿಂದಿದ್ದವು. ಪೆಟ್ಟಿಗೆ ತುಂಬಿದರೆ ಹೊಸ ಪತ್ರ ವಾಪಸು ಹೋಗುತ್ತದೆ, ಸೂಚನೆ ಹೋಗುವುದು ಕಳಿಸಿದವರಿಗೆ. ಪಡೆಯಬೇಕಾದವರಿಗೆ ಏನು ತಪ್ಪಿಹೋಯಿತೆಂಬುದರ ಸುಳಿವೂ ಇರುವುದಿಲ್ಲ. ಅವರು ಪುಟ ತೆರೆದರೆ ಕಾಣುವುದು ನಿನ್ನೆ ಕಂಡ ಅದೇ ಪಟ್ಟಿ.

ಆ ವರ್ಷದ ಜರ್ಮನ್ ಆರ್ಡರ್ ಕೈತಪ್ಪಿತು. ಪರೀಕ್ಷಾ ವರದಿ ಮಾಡಿಸಿ ಕಳಿಸುವಷ್ಟರಲ್ಲಿ ಹಡಗಿನ ಕಾಲ ಮೀರಿತ್ತು, ವಿಮಾನದ ಬಾಡಿಗೆ ಕೊಟ್ಟರೆ ಲಾಭ ಉಳಿಯುತ್ತಿರಲಿಲ್ಲ.

ಮಾಡಿದ ಪ್ರಯತ್ನಗಳು

ಮಗನ ಮೊದಲ ಉಪಾಯ, ಒಂದರ ಬದಲು ಮೂರು ಖಾತೆ. ಬೇರೆ ಎರಡು ಉಚಿತ ಸೇವೆಗಳಲ್ಲಿ ವಿಳಾಸ ತೆರೆದು, ಚಿತ್ರಗಳನ್ನು ಒಂದಕ್ಕೆ, ಆರ್ಡರುಗಳನ್ನು ಇನ್ನೊಂದಕ್ಕೆ ಕಳಿಸಬೇಕೆಂದು ಗ್ರಾಹಕರಿಗೆ ಬರೆದ. ಯಾರೂ ಹಾಗೆ ಮಾಡಲಿಲ್ಲ. ಗ್ರಾಹಕರು ತಮ್ಮ ಹಳೆಯ ಪತ್ರ ತೆರೆದು ‘ಉತ್ತರಿಸಿ’ ಒತ್ತುತ್ತಾರೆ. ಆ ಪತ್ರ ಯಾವ ವಿಳಾಸದಿಂದ ಬಂದಿತ್ತೋ ಅಲ್ಲಿಗೇ ಉತ್ತರ ಹೋಗುತ್ತದೆ. ಮೂರು ಪಾಸ್‌ವರ್ಡ್ ನೆನಪಿಡುವ, ಕೆಫೆಯಲ್ಲಿ ಮೂರು ಪುಟ ತೆರೆದು ಗಂಟೆಯ ಲೆಕ್ಕದಲ್ಲಿ ಹಣ ತೆರುವ ಕೆಲಸವಷ್ಟೇ ಹೆಚ್ಚಾಯಿತು.

ಎರಡನೆಯದು ಕೆಫೆಯ ಮಾಲೀಕರ ವಿಳಾಸವನ್ನೇ ಬಳಸುವ ಏರ್ಪಾಡು. ಅವರ ಬಳಿ ಹಣ ಕೊಟ್ಟು ಪಡೆದ ಖಾತೆಯಿತ್ತು, ಜಾಗವೂ ಹೆಚ್ಚು. ತಿಂಗಳಿಗಿಷ್ಟು ಎಂದು ಕೊಟ್ಟರೆ ಬಂದ ಪತ್ರಗಳನ್ನು ಮುದ್ರಿಸಿ ಇಡುತ್ತಿದ್ದರು. ತಂದೆಗೆ ಇದು ಬಹಳ ಹಿಡಿಸಿತು, ಏಕೆಂದರೆ ಕಾಗದ ಕೈಗೆ ಬರುತ್ತಿತ್ತು. ಆದರೆ 2001ರ ಕೊನೆಯಲ್ಲಿ ಮಾಲೀಕರು ಕೆಫೆ ಮುಚ್ಚಿ ಬೇರೆ ಊರಿಗೆ ಹೋದರು, ವಿಳಾಸವೂ ಅವರೊಂದಿಗೇ ಹೋಯಿತು. ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದು ಕಡೆ ಆಗಿತ್ತು. ಕೆಫೆಯ ವಿಳಾಸ ಸಿಕ್ಕ ಮೇಲೆ ಮಗ ಹಳೆಯ ಖಾತೆಯನ್ನು ನೋಡುವುದನ್ನೇ ಬಿಟ್ಟಿದ್ದ. ನಿಗದಿತ ಅವಧಿಯವರೆಗೆ ಲಾಗಿನ್ ಆಗದ ಖಾತೆಗಳಲ್ಲಿರುವುದನ್ನೆಲ್ಲ ಅಳಿಸಿಹಾಕುವ ನಿಯಮ ಉಚಿತ ಸೇವೆಗಳಲ್ಲಿ ಸಾಮಾನ್ಯವಾಗಿತ್ತು. ಇಂಟರ್ನೆಟ್ ಕಂಪನಿಗಳ ಷೇರುಗಳು ನೆಲಕಚ್ಚಿದ ಡಾಟ್‌ಕಾಂ ಕುಸಿತದ ನಂತರ ಜಾಹೀರಾತಿನ ಹಣ ಕಡಿಮೆಯಾದಂತೆ ಆ ಅವಧಿ ಮೊಟಕಾಗುತ್ತಾ ಬಂದು ಹಾಟ್‌ಮೇಲ್‌ನಲ್ಲಿ 30 ದಿನಕ್ಕೆ ಇಳಿದಿತ್ತು. ಕುಟುಂಬದ ಸೇವೆಯಲ್ಲೂ ಹಾಗೆಯೇ ಇತ್ತು. ಮಗ ಮತ್ತೆ ಲಾಗಿನ್ ಆದಾಗ ಖಾತೆ ಇತ್ತು, ಒಳಗೆ ಒಂದೂ ಪತ್ರ ಇರಲಿಲ್ಲ. 1998ರಿಂದ ನಡೆದ ದರದ ಮಾತುಕತೆ, ವಿನ್ಯಾಸದ ಒಪ್ಪಿಗೆ, ಪಾವತಿಯ ಷರತ್ತು ಎಲ್ಲವೂ ಹೋಗಿದ್ದವು.

ಮೂರನೆಯದು ‘ಜೀವಮಾನದ ವಿಳಾಸ’. ಬಿಗ್‌ಫುಟ್‌ನಂಥ ಸೇವೆಗಳು ಒಂದು ಶಾಶ್ವತ ವಿಳಾಸ ಕೊಟ್ಟು, ಅಲ್ಲಿಗೆ ಬಂದದ್ದನ್ನು ನಾವು ಹೇಳಿದ ಕಡೆಗೆ ಮುಂದಕ್ಕೆ ಕಳಿಸುತ್ತಿದ್ದವು. ಪೆಟ್ಟಿಗೆ ಬದಲಾದರೂ ಕಾರ್ಡಿನ ಮೇಲಿನ ವಿಳಾಸ ಬದಲಾಗಬೇಕಿಲ್ಲ. ಯೋಚನೆ ಸರಿಯೇ. ಮಗ ಉತ್ಸಾಹದಿಂದ ವಿವರಿಸಿದಾಗ ತಂದೆ ಕೇಳಿದ ಪ್ರಶ್ನೆ ಮಾತ್ರ ಯಾವ ವಾಣಿಜ್ಯ ಸಲಹೆಗಾರರಿಗೂ ಕಡಿಮೆಯದಲ್ಲ: “ಜೀವಮಾನ ಅಂದರೆ ಯಾರದಪ್ಪಾ, ನಮ್ಮದೋ ಆ ಕಂಪನಿಯದೋ?” 2002ರ ಏಪ್ರಿಲಿನಲ್ಲಿ ಯಾಹೂ ತನ್ನ ಉಚಿತ ಖಾತೆಗಳಿಂದ ಪತ್ರಗಳನ್ನು ಬೇರೆಡೆಗೆ ಮುಂದಕ್ಕೆ ಕಳಿಸುವ ಹಾಗೂ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯಕ್ಕೆ ವಾರ್ಷಿಕ ಶುಲ್ಕ ಹಾಕಿದಾಗ ಮಗನಿಗೆ ಆ ಪ್ರಶ್ನೆಯ ತೂಕ ತಿಳಿಯಿತು. ಒಬ್ಬರು ನಿಲ್ಲಿಸಬಹುದಾದದ್ದನ್ನು ಇನ್ನೊಬ್ಬರೂ ನಿಲ್ಲಿಸಬಹುದು.

ಕೊರಿಯಾದ ಅಂಚೆಚೀಟಿ

ಅದೇ 2002ರ ಏಪ್ರಿಲ್, ಸೋಲ್‌ನಿಂದ ಬಂದ ಸುದ್ದಿ ಕುಟುಂಬಕ್ಕೆ ಮೊದಲು ಅರ್ಥವೇ ಆಗಲಿಲ್ಲ. ಹನ್‌ಮೇಲ್ ಆ ಹೊತ್ತಿಗೆ ಕೊರಿಯಾದಲ್ಲಿ ಬಹುಪಾಲು ಮನೆಗಳನ್ನು ಮುಟ್ಟಿತ್ತು. ಕಸದ ಪತ್ರಗಳ ಹೊರೆ ತಡೆಯಲಾರದೆ ದಾಉಮ್ ‘ಆನ್‌ಲೈನ್ ಅಂಚೆಚೀಟಿ’ ಎಂಬ ವ್ಯವಸ್ಥೆ ತಂದಿತು: ದಿನಕ್ಕೆ 1,000ಕ್ಕಿಂತ ಹೆಚ್ಚು ಪತ್ರಗಳನ್ನು ಹನ್‌ಮೇಲ್ ವಿಳಾಸಗಳಿಗೆ ಕಳಿಸುವವರು ನೋಂದಣಿ ಮಾಡಿಸಿ, ಪತ್ರವೊಂದಕ್ಕೆ ಗರಿಷ್ಠ 10 ವೊನ್‌ವರೆಗೆ ತೆರಬೇಕು. ಸ್ವೀಕರಿಸುವವನಿಗೆ ಉಚಿತ, ರಾಶಿ ಹಾಕುವವನಿಗೆ ಶುಲ್ಕ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಸಿಗಲಾರದು ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಕೊರಿಯಾದ ಆನ್‌ಲೈನ್ ಅಂಗಡಿಗಳು ಸಿಡಿದೆದ್ದವು. ಆರ್ಡರ್ ಬಂದಿದೆ, ಸರಕು ಹೊರಟಿದೆ ಎಂದು ಗ್ರಾಹಕರಿಗೆ ತಿಳಿಸುವ ಪತ್ರಕ್ಕೂ ತಾವೇಕೆ ಹಣ ಕೊಡಬೇಕೆಂದು ವಾದಿಸಿ, ಹನ್‌ಮೇಲ್ ಬಿಟ್ಟು ಬೇರೆ ವಿಳಾಸ ಕೊಡುವಂತೆ ತಮ್ಮ ಸದಸ್ಯರನ್ನು ಒತ್ತಾಯಿಸತೊಡಗಿದವು. ಜನ ಬೇರೆ ಕಡೆ ಎರಡನೆಯ ವಿಳಾಸ ತೆರೆದರು, ಕ್ರಮೇಣ ಅದೇ ಮೊದಲನೆಯದಾಯಿತು. ಕೆಲವು ವರ್ಷಗಳ ನಂತರ ದಾಉಮ್ ಆ ಶುಲ್ಕವನ್ನು ಕೈಬಿಟ್ಟಿತಾದರೂ ಬಿಟ್ಟುಹೋದವರೆಲ್ಲ ಹಿಂದಿರುಗಲಿಲ್ಲ.

ಚನ್ನಪಟ್ಟಣದ ಮನೆಯವರು ದಿನಕ್ಕೆ ಸಾವಿರ ಪತ್ರ ಕಳಿಸುವವರಲ್ಲ. ಆದರೆ ಸೋಲ್‌ನ ಆ ಮಹಿಳೆ ತಮ್ಮ ಅಂಗಡಿಯನ್ನು ಇಂಟರ್ನೆಟ್ಟಿನಲ್ಲಿ ನಡೆಸುತ್ತಿದ್ದವರು. ತಮ್ಮ ಗ್ರಾಹಕರಿಗೆ ವಿಳಾಸ ಬದಲಿಸಿರೆಂದು ಹೇಳಿದ ಮೇಲೆ ತಾವೇ ಹಳೆಯದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹೊಸ ವಿಳಾಸವನ್ನು ಅವರು ಎಲ್ಲ ಪೂರೈಕೆದಾರರಿಗೂ ಇಮೇಲ್ ಮೂಲಕ ತಿಳಿಸಿದರು, ಮತ್ತು ಜಾಣತನದಿಂದ, ಫ್ಯಾಕ್ಸ್ ಮೂಲಕವೂ. ಇಮೇಲ್ ಹೋದದ್ದು ಮುಚ್ಚಿದ ಕೆಫೆಯ ವಿಳಾಸಕ್ಕೆ. ಮನೆಗೆ ಬಂದದ್ದು ಎಸ್‌ಟಿಡಿ ಬೂತಿನ ಹುಡುಗ ತಂದುಕೊಟ್ಟ ಆ ಫ್ಯಾಕ್ಸ್ ಹಾಳೆ.

ತಿರುವು

ಆ ಫ್ಯಾಕ್ಸ್ ಬಂದ ದಿನ ತಂದೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು, ಪ್ರತಿ ಗ್ರಾಹಕರಿಗೂ ಒಂದೊಂದು ಪುಟ ಮೀಸಲಿಟ್ಟರು. ಇಮೇಲ್, ಎರಡನೆಯ ಇಮೇಲ್, ಫ್ಯಾಕ್ಸ್, ಅಂಚೆ ವಿಳಾಸ; ಅದರ ಪಕ್ಕದಲ್ಲಿ ಒಂದು ಕಂಬಸಾಲು, ‘ಕೊನೆಯ ಉತ್ತರ ಬಂದ ದಿನ’. ಆರ್ಡರಿಗೆ ಸಂಬಂಧಿಸಿದ ಯಾವ ಪತ್ರಕ್ಕೂ ಏಳು ದಿನದೊಳಗೆ ಉತ್ತರ ಬಾರದಿದ್ದರೆ ಫ್ಯಾಕ್ಸ್ ಮಾಡಬೇಕು. ತಮ್ಮಿಂದ ಏಳು ದಿನದೊಳಗೆ ಉತ್ತರ ಹೋಗದಿದ್ದರೆ ಅದು ನಿರಾಸಕ್ತಿಯಲ್ಲ, ಪತ್ರ ತಲುಪಿಲ್ಲವೆಂದೇ ತಿಳಿಯಬೇಕು ಎಂದು ಗ್ರಾಹಕರಿಗೆಲ್ಲ ಬರೆಸಿದರು. ಒಪ್ಪಿಗೆಯಾದ ಪ್ರತಿ ನಕ್ಷೆಯನ್ನೂ ಮುದ್ರಿಸಿ ಪುಟಕ್ಕೆ ಅಂಟಿಸುವುದು, ಮುದ್ರಿಸಿದ ಮೇಲೆ ಪೆಟ್ಟಿಗೆಯಿಂದ ಅಳಿಸುವುದು ಮಗನ ಪಾಲಿಗೆ ಬಂತು.

ಈ ಪ್ರಕರಣವನ್ನು ಕೇಳಿದವರಲ್ಲಿ ಹಲವರು ಮುಂದೆ ಬರುವ ಡೊಮೇನ್ (ಇಂಟರ್ನೆಟ್ಟಿನಲ್ಲಿ ಸ್ವಂತ ಹೆಸರು) ಖರೀದಿಯನ್ನೇ ಪರಿಹಾರವೆಂದು ಎತ್ತಿ ಹಿಡಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. 2000ದ ನಷ್ಟಕ್ಕೆ ಕಾರಣ 2 ಎಂ.ಬಿ. ಜಾಗವೊಂದೇ ಆಗಿರಲಿಲ್ಲ, ಮೌನಕ್ಕೆ ಎರಡೂ ಕಡೆಯವರು ತಪ್ಪು ಅರ್ಥ ಹಚ್ಚಿದ್ದರು. ಸ್ವಂತ ಡೊಮೇನಿನ ಪೆಟ್ಟಿಗೆಯೂ ತುಂಬುತ್ತದೆ, ಅದರ ಸರ್ವರೂ ಕೆಡುತ್ತದೆ. ಏಳು ದಿನದ ನಿಯಮಕ್ಕೆ ಯಾವ ಸೇವೆ, ಯಾವ ದೇಶ ಎಂಬುದು ಮುಖ್ಯವಲ್ಲ. 2002ರ ಹಂಗಾಮಿನಲ್ಲಿ ಜರ್ಮನಿಯ ಅಂಗಡಿಯವರೇ ಈ ನಿಯಮವನ್ನು ಮೊದಲು ಬಳಸಿದರು. ಪತ್ರಕ್ಕೆ ಉತ್ತರ ಕಾಣದೆ ಫ್ಯಾಕ್ಸ್ ಮಾಡಿದರು, ಇಲ್ಲಿಂದ ಹೋದ ಉತ್ತರ ಅವರ ಕಸದ ಪತ್ರಗಳ ಕಡತದಲ್ಲಿ ಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು. ಆ ವರ್ಷದ ಸರಕು ಸಕಾಲಕ್ಕೆ ಹ್ಯಾಂಬರ್ಗ್ ಮುಟ್ಟಿತು.

ಡೊಮೇನ್ ಬಂದದ್ದು 2003ರಲ್ಲಿ. ಅಂತರರಾಷ್ಟ್ರೀಯ ಕ್ರೆಡಿಟ್ ಕಾರ್ಡ್ ಇಲ್ಲದ ಮನೆಗೆ ಅದನ್ನು ಕೊಳ್ಳುವುದೇ ಒಂದು ಕೆಲಸ; ಕೊನೆಗೆ ಬೆಂಗಳೂರಿನ ಮಾರಾಟಗಾರರೊಬ್ಬರ ಮೂಲಕ ಡಾಟ್ ಕಾಂ ಹೆಸರೊಂದನ್ನು ಪಡೆದರು. ಮಾರಾಟಗಾರರು ಅದನ್ನು ತಮ್ಮ ಕಂಪನಿಯ ಹೆಸರಿನಲ್ಲಿ ನೋಂದಾಯಿಸಲು ಹೊರಟಿದ್ದರು. ಕೆಫೆಯ ಅನುಭವ ಮರೆಯದ ಮಗ, ಮಾಲೀಕರ ಜಾಗದಲ್ಲಿ ತಂದೆಯ ಹೆಸರೇ ಇರಬೇಕೆಂದು ಹಟ ಹಿಡಿದ. ನವೀಕರಣದ ದಿನಾಂಕವನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ತೆರಿಗೆ ಮತ್ತು ಪರವಾನಗಿಗಳ ದಿನಾಂಕದ ಜೊತೆಗೆ ಬರೆದಿಟ್ಟರು. ಇದು ಅತಿಯಾದ ಎಚ್ಚರವೆಂದು ಅನ್ನಿಸುವವರು 1999ರ ಕ್ರಿಸ್ಮಸ್ ವಾರವನ್ನು ನೆನೆಯಬಹುದು. ಹಾಟ್‌ಮೇಲ್ ಲಾಗಿನ್‌ಗೆ ಆಧಾರವಾಗಿದ್ದ ಪಾಸ್‌ಪೋರ್ಟ್ ಡಾಟ್ ಕಾಂ ಡೊಮೇನಿನ 35 ಡಾಲರ್ ಶುಲ್ಕ ಕಟ್ಟುವುದನ್ನು ಮೈಕ್ರೋಸಾಫ್ಟ್ ಮರೆತು, ಅನೇಕರಿಗೆ ತಮ್ಮ ಖಾತೆ ತೆರೆಯಲಾಗದೆ ಹೋದಾಗ, ಸಂಬಂಧವೇ ಇಲ್ಲದ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ ಆ ಹಣ ಕಟ್ಟಿದ್ದ.

2004ರ ಏಪ್ರಿಲ್ 1ರಂದು ಗೂಗಲ್ 1 ಜಿ.ಬಿ. ಜಾಗದ ಜಿಮೇಲ್ ಪ್ರಕಟಿಸಿದಾಗ ಅನೇಕರು ಅದನ್ನು ಏಪ್ರಿಲ್ ಫೂಲ್ ತಮಾಷೆಯೆಂದೇ ತಿಳಿದಿದ್ದರು. ಕೆಲವೇ ತಿಂಗಳಲ್ಲಿ ಯಾಹೂ 100 ಎಂ.ಬಿ.ಗೆ ಏರಿತು, ಹಾಟ್‌ಮೇಲ್ 250 ಎಂ.ಬಿ. ಘೋಷಿಸಿತು. ಮಗನಿಗೆ ಒಬ್ಬ ಗೆಳೆಯನಿಂದ ಜಿಮೇಲ್ ಆಹ್ವಾನ ಸಿಕ್ಕಿತು; ಡೊಮೇನಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿ ಎಲ್ಲವನ್ನೂ ಅಲ್ಲಿಗೇ ಒಯ್ಯೋಣವೆಂದ. ತಂದೆ ಅರ್ಧ ಒಪ್ಪಿದರು: ಕಾರ್ಡಿನ ಮೇಲೆ ಡೊಮೇನಿನ ವಿಳಾಸವೇ ಇರಲಿ, ಬಂದ ಪತ್ರ ಎಲ್ಲಿ ಬೇಕಾದರೂ ಹೋಗಿ ಬೀಳಲಿ. ಬಿಗ್‌ಫುಟ್ ಮಾಡಹೊರಟಿದ್ದೂ ಇದನ್ನೇ. ವ್ಯತ್ಯಾಸ, ಮುಂದಕ್ಕೆ ಕಳಿಸುವ ಹೆಸರು ಈಗ ಮನೆಯವರದು.

ಉಳಿದ ಎಳೆಗಳು

ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ಅಳಿಸಿಹೋದ ಪತ್ರಗಳ ಪೆಟ್ಟು 2004ರಲ್ಲಿ ಮತ್ತೆ ತಟ್ಟಿತು. ಬಾತುಕೋಳಿ ಆಟಿಕೆಯ ವಿನ್ಯಾಸವನ್ನು ಬೇರೊಂದು ಘಟಕ ತನ್ನದೆಂದು ಮಾರತೊಡಗಿದಾಗ, ಅದು ಯಾವಾಗ ಯಾರ ನಕ್ಷೆಯಿಂದ ಬಂತೆಂದು ತೋರಿಸಲು ಕುಟುಂಬದ ಕೈಯಲ್ಲಿ ಉಳಿದಿದ್ದದ್ದು 2000ದಲ್ಲಿ ಅಂಚೆಯಲ್ಲಿ ಬಂದ ಆ ಲಕೋಟೆ, ಅದರ ಮೇಲಿನ ಅಂಚೆ ಮುದ್ರೆ. ಮೇಲ್ ತಲುಪಿದ್ದರೆ ಆ ಲಕೋಟೆ ಹುಟ್ಟುತ್ತಲೇ ಇರಲಿಲ್ಲ.

ಹಳೆಯ ಉಚಿತ ಖಾತೆಯನ್ನು ಮುಚ್ಚಲಿಲ್ಲ. 1998ರ ಕ್ಯಾಟಲಾಗು ಇನ್ನೂ ಎಲ್ಲೆಲ್ಲಿ ಬಿದ್ದಿದೆಯೋ ಯಾರಿಗೂ ಗೊತ್ತಿಲ್ಲದ ಕಾರಣ, ವಾರಕ್ಕೊಮ್ಮೆ ಲಾಗಿನ್ ಆಗಿ ಕಸ ಗುಡಿಸಿ ಬರುವ ಕೆಲಸವನ್ನು ಮಗ ಮುಂದುವರಿಸಿದ. 2005ರಲ್ಲಿ ಪ್ರಾಗ್‌ನ ದಂಪತಿಯ ಪರಿಚಯದವರೊಬ್ಬರು ಆ ಕ್ಯಾಟಲಾಗು ನೋಡಿ ಬರೆದದ್ದು ಅದೇ ವಿಳಾಸಕ್ಕೆ, ಆರ್ಡರೂ ಬಂತು. ಅದೇ ವರ್ಷದ ಆರಂಭದಲ್ಲಿ ಡಾಟ್ ಇನ್ ಹೆಸರುಗಳ ನೋಂದಣಿ ಎಲ್ಲರಿಗೂ ತೆರೆದುಕೊಂಡಾಗ ಅದನ್ನೂ ಕೊಂಡಿಡೋಣವೆಂದು ಮಗ ಹೇಳಿದ. ಕಾರ್ಡು, ಕ್ಯಾಟಲಾಗು, ಪೆಟ್ಟಿಗೆ ಎಲ್ಲವನ್ನೂ ಮತ್ತೆ ಅಚ್ಚು ಹಾಕಿಸುವ ಖರ್ಚಿನ ಲೆಕ್ಕ ಮೊದಲು ಕೊಡು ಎಂದು ತಂದೆ ಕೇಳಿದರು. ನಾನು ಕಡತ ನೋಡಿದಾಗ ಆ ಲೆಕ್ಕ ಇನ್ನೂ ಪೂರ್ತಿಯಾಗಿರಲಿಲ್ಲ.